ಬೆಟ್ಟದ ಮೈಯ ತೇವ: ಬಹುಕಾಲದ ಅಳತೆ ಏಕೆ ಬೇಕು



ಕರ್ನಾಟಕದಲ್ಲಿ ಮಳೆಯ ಲೆಕ್ಕ ಚೆನ್ನಾಗಿಯೇ ಇದೆ. ಹವಾಮಾನ ಇಲಾಖೆಯ ಕೇಂದ್ರಗಳ ಜೊತೆಗೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳನ್ನು ಇಟ್ಟಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅಜ್ಜನ ಕಾಲದಿಂದ ಮಳೆ ಬರೆದಿಟ್ಟ ಪುಸ್ತಕಗಳಿವೆ. ನದಿಗಳ ಲೆಕ್ಕವೂ ಇದೆ. ಕೇಂದ್ರ ಜಲ ಆಯೋಗ ಹರಿವನ್ನು ಅಳೆಯುತ್ತದೆ. ಮಳೆಗಾಲದಲ್ಲಿ ಅಣೆಕಟ್ಟುಗಳ ಒಳಹರಿವು ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತದೆ. ಆದರೆ ಬಿದ್ದ ಮಳೆಯೆಲ್ಲ ಬಿದ್ದ ದಿನವೇ ಹೊಳೆ ಸೇರುವುದಿಲ್ಲ. ಅದರ ದೊಡ್ಡ ಪಾಲು ದಿನಗಟ್ಟಲೆ, ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಬೆಟ್ಟದ ಮಣ್ಣಿನಲ್ಲಿ ತಂಗುತ್ತದೆ. ಈ ತಂಗುವ ನೀರಿನ ಲೆಕ್ಕ ನಮ್ಮಲ್ಲಿ ತೀರಾ ಕಡಿಮೆ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟು. ಇಳಿಜಾರಿನ ಮೇಲೆ ಇಂದು ಬೀಳುವ ಮಳೆ ಏನು ಮಾಡುತ್ತದೆ ಎಂಬುದು ಆ ಮಣ್ಣು ಈಗಾಗಲೇ ಎಷ್ಟು ನೀರು ಹಿಡಿದುಕೊಂಡಿದೆ ಎಂಬುದನ್ನು ಅವಲಂಬಿಸಿದೆ. ಒರತೆ ಬೇಸಿಗೆಗೆ ಉಳಿಯುವುದೂ ಗುಡ್ಡ ಮಳೆಗಾಲದಲ್ಲಿ ನಿಲ್ಲುವುದೂ ಆ ನೀರಿನ ಮೇಲೆಯೇ. ಅದನ್ನು ಒಂದೆರಡು ವರ್ಷ ಅಳೆದು ಬಿಟ್ಟರೆ ಸಾಲದು. ಅದೇ ಜಾಗದಲ್ಲಿ, ಅದೇ ಶಿಸ್ತಿನಲ್ಲಿ, ದಶಕಗಳ ಕಾಲ ಅಳೆಯಬೇಕು. ಸಹ್ಯಾದ್ರಿಯಲ್ಲಿ ಈ ಕೆಲಸ ಒಂದು ಶಾಶ್ವತ ವ್ಯವಸ್ಥೆಯಾಗಬೇಕು.

1. ಆಶ್ಲೇಷ ಮಳೆಯ ದಿನಗಳು

ಕೆಲವು ದಿನಾಂಕಗಳನ್ನು ನೆನಪಿಸುತ್ತೇನೆ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ ಸುತ್ತಲಿನ ಗುಡ್ಡಗಳು ಜರಿದವು. 2019ರ ಆಗಸ್ಟ್ 8ರಂದು ಕೇರಳದ ಪುತ್ತುಮಲ ಮತ್ತು ಕವಳಪ್ಪಾರದಲ್ಲಿ ಬೆಟ್ಟ ಕುಸಿಯಿತು. ಅದೇ ವಾರ ಕೊಡಗಿನ ತೋರ ಗ್ರಾಮದಲ್ಲೂ ಕುಸಿಯಿತು. 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆ ಮಣ್ಣಿನಡಿ ಸೇರಿತು. ಅದೇ ದಿನದ ರಾತ್ರಿ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಕಾರ್ಮಿಕರ ಲೈನ್ ಮನೆಗಳು ಕೊಚ್ಚಿಹೋದವು. ಪಂಚಾಂಗದ ಲೆಕ್ಕದಲ್ಲಿ ಇವೆಲ್ಲ ಹೆಚ್ಚುಕಡಿಮೆ ಆಶ್ಲೇಷ ಮಳೆಯ ದಿನಗಳು. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್ಮಲ ಊರುಗಳು ನೆಲಸಮವಾದದ್ದು ಅದರ ಹಿಂದಿನ ಪುಷ್ಯ ಮಳೆಯಲ್ಲಿ.

ಸಹ್ಯಾದ್ರಿಯ ಬಹುಭಾಗದಲ್ಲಿ ವರ್ಷದ ಅತಿ ಹೆಚ್ಚು ಮಳೆ ಸುರಿಯುವ ತಿಂಗಳು ಸಾಮಾನ್ಯವಾಗಿ ಜುಲೈ. ಜೂನ್ ತಿಂಗಳಲ್ಲೂ ಒಂದೇ ದಿನ ಜೋರಾಗಿ ಹೊಡೆಯುವ ಮಳೆಗಳಿರುತ್ತವೆ. ಹಾಗಿದ್ದರೆ ಈ ದೊಡ್ಡ ಕುಸಿತಗಳು ಮಳೆಗಾಲ ಶುರುವಾಗಿ ಎರಡು ತಿಂಗಳಾದ ಮೇಲೆ ಏಕೆ ಒಟ್ಟುಗೂಡಿದವು? ಆ ದಿನಗಳ ಮಳೆಯೂ ಅಸಾಧಾರಣವಾಗಿತ್ತು, ನಿಜ. ರಸ್ತೆಗೆ, ಮನೆಗೆ, ರೆಸಾರ್ಟಿಗೆ ಬರೆ ಕಡಿದದ್ದೂ ಅನೇಕ ಕಡೆ ಕಾರಣ. ಈ ಕೆಲವೇ ಘಟನೆಗಳಿಂದ ನಿಯಮ ಕಟ್ಟಲು ನಾನು ಹೊರಟಿಲ್ಲ. ಆದರೆ ಅಷ್ಟೇ ಮಳೆ ಜೂನ್ ಮೊದಲ ವಾರದಲ್ಲಿ, ಒಣಗಿ ಬಾಯಿಬಿಟ್ಟ ಮಣ್ಣಿನ ಮೇಲೆ ಬಿದ್ದಿದ್ದರೆ ಪರಿಣಾಮ ಬೇರೆಯೇ ಆಗುತ್ತಿತ್ತು ಎಂದು ಹೇಳಲು ಸಾಕಷ್ಟು ಭೌತಶಾಸ್ತ್ರ ನಮ್ಮ ಬಳಿ ಇದೆ. ಎಷ್ಟು ಬೇರೆ, ಯಾವ ಗುಡ್ಡದಲ್ಲಿ ಎಷ್ಟು ಎಂದು ಅಂಕಿಯಲ್ಲಿ ಹೇಳಲು ಬೇಕಾದ ದಾಖಲೆ ಮಾತ್ರ ಇಲ್ಲ.

2. ಇಳಿಜಾರಿನ ಒಳಗೆ ನೀರು ನಡೆಯುವ ಬಗೆ

ಮಣ್ಣೆಂದರೆ ಅರ್ಧಕ್ಕರ್ಧ ಖಾಲಿ ಜಾಗ. ಕಣಗಳ ನಡುವಿನ ಆ ರಂಧ್ರಗಳಲ್ಲಿ ಗಾಳಿಯೂ ನೀರೂ ಜಾಗ ಹಂಚಿಕೊಂಡಿರುತ್ತವೆ. ನೆನೆಸಿದ ಅಕ್ಕಿಯನ್ನು ಬಿದಿರು ಬುಟ್ಟಿಗೆ ಸುರಿದರೆ ಮೊದಲು ನೀರು ಧಾರೆಯಾಗಿ ಇಳಿಯುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ, ಕೊನೆಗೆ ನಿಲ್ಲುತ್ತದೆ. ಆದರೂ ಅಕ್ಕಿ ಒದ್ದೆಯಾಗಿಯೇ ಇರುತ್ತದೆ. ಮಣ್ಣಿನಲ್ಲೂ ದೊಡ್ಡ ರಂಧ್ರಗಳ ನೀರು ತನ್ನ ಭಾರಕ್ಕೆ ಬೇಗ ಇಳಿದುಹೋಗುತ್ತದೆ. ಸಣ್ಣ ರಂಧ್ರಗಳ ನೀರನ್ನು ಕಣಗಳು ಸೆಳೆದು ಹಿಡಿದಿರುತ್ತವೆ. ಬೇರುಗಳು ಬೇಸಿಗೆಯಲ್ಲಿ ಹೀರುವುದು ಬಹುಮಟ್ಟಿಗೆ ಈ ಹಿಡಿದಿಟ್ಟ ನೀರನ್ನೇ. ಕಾಫಿ ಬೆಳೆಗಾರರು ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಗೆ ಕಾಯುವಾಗ ಗಿಡ ಜೀವ ಹಿಡಿದುಕೊಂಡಿರುವುದೂ ಇದರಿಂದಲೇ.

ಬಯಲಿನಲ್ಲಿ ಈ ಕಥೆ ಮೇಲಿಂದ ಕೆಳಗೆ ಮಾತ್ರ. ಬೆಟ್ಟದಲ್ಲಿ ಇನ್ನೊಂದು ದಿಕ್ಕು ಸೇರುತ್ತದೆ. ಇಂಗಿದ ನೀರು ಕೆಳಗಿನ ಬಿಗಿ ಪದರಕ್ಕೋ ತಳಕಲ್ಲಿಗೋ ತಾಗಿದರೆ ಪಕ್ಕಕ್ಕೆ ತಿರುಗಿ ಇಳಿಜಾರಿನ ಉದ್ದಕ್ಕೂ ಹರಿಯತೊಡಗುತ್ತದೆ. ನೆತ್ತಿಯ ಮಣ್ಣು ಬೇಗ ಬರಿದಾಗುತ್ತದೆ, ನಡುಭಾಗ ತಡವಾಗಿ, ಬುಡ ಎಲ್ಲಕ್ಕಿಂತ ತಡವಾಗಿ. ಒಂದೇ ಗುಡ್ಡದಲ್ಲಿ, ಒಂದೇ ದಿನ, ನೂರು ಹೆಜ್ಜೆಯ ಅಂತರದಲ್ಲಿ ಮಣ್ಣಿನ ತೇವ ಸಂಪೂರ್ಣ ಬೇರೆಯಾಗಿರಬಹುದು. ಕೊಳೆತ ಬೇರಿನ ಕೊಳವೆಗಳು, ಗೆದ್ದಲು ಮತ್ತು ಏಡಿಯ ಬಿಲಗಳು ನೀರಿಗೆ ಅಡ್ಡದಾರಿಗಳಾಗುತ್ತವೆ. ಮಲೆನಾಡಿನ ಜನ ಮಳೆಗಾಲದ ನಡುವೆ ‘ಜಲ ಒಡೆಯಿತು’ ಎನ್ನುವುದು ಈ ಒಳಹರಿವು ನೆಲದ ಮೇಲೆ ಕಾಣಿಸಿಕೊಂಡ ಕ್ಷಣವನ್ನು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹಿರಿಯರು ಮುರಕಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ಸುರಂಗ ಕೊರೆದು ವರ್ಷವಿಡೀ ನೀರು ಪಡೆದದ್ದು ಇದೇ ಒಳಹರಿವನ್ನು ಅರಿತು.

ಗುಡ್ಡ ನಿಲ್ಲುವುದು ಮಣ್ಣಿನ ಕಣಗಳ ನಡುವಿನ ಘರ್ಷಣೆಯಿಂದ, ಬೇರುಗಳ ಹೆಣಿಗೆಯಿಂದ ಮತ್ತು ಅರೆತೇವದ ಮಣ್ಣಿನಲ್ಲಿ ನೀರು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುವ ಸೆಳೆತದಿಂದ. ತೇವ ಹೆಚ್ಚಿದಂತೆ ಈ ಸೆಳೆತ ಕುಗ್ಗುತ್ತದೆ. ರಂಧ್ರಗಳೆಲ್ಲ ತುಂಬಿದಾಗ ನೀರು ಕಣಗಳನ್ನು ಹೊರಕ್ಕೆ ಒತ್ತಲು ಶುರುಮಾಡುತ್ತದೆ. ಘರ್ಷಣೆ ಇಳಿಯುತ್ತದೆ, ಜೊತೆಗೆ ಮಣ್ಣಿನ ಭಾರ ಏರುತ್ತದೆ. ಈ ಒತ್ತಡದ ಲೆಕ್ಕವನ್ನು 1920ರ ದಶಕದಲ್ಲಿ ಸ್ಪಷ್ಟಪಡಿಸಿದವರು ಕಾರ್ಲ್ ಟರ್ಜಾಗಿ. ಇಂದಿನ ಮಣ್ಣಿನ ಯಂತ್ರಶಾಸ್ತ್ರ ನಿಂತಿರುವುದೇ ಅದರ ಮೇಲೆ. ಕರಾವಳಿ ಮತ್ತು ಘಟ್ಟದ ಬುಡದಲ್ಲಿ ಮುರಕಲ್ಲಿನ ಕೆಳಗೆ ಸಿಗುವ ಶೇಡಿ ಮಣ್ಣನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಣಗಿದ್ದಾಗ ಗಟ್ಟಿಯಾಗಿರುವ ಆ ಮಣ್ಣು ನೀರು ಕುಡಿದರೆ ತನ್ನ ಬಲವನ್ನೇ ಕಳೆದುಕೊಳ್ಳುತ್ತದೆ.

ಆದ್ದರಿಂದ ‘ನಿನ್ನೆ ಎಷ್ಟು ಮಿಲಿಮೀಟರ್ ಮಳೆ?’ ಎಂಬ ಪ್ರಶ್ನೆಯ ಜೊತೆಗೆ ‘ಒಂದು ಮೀಟರ್ ಆಳದಲ್ಲಿ ಮಣ್ಣು ಎಷ್ಟು ತುಂಬಿದೆ?’ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು.

3. ಹೊರಗಿನ ಮೂರು ಬೆಟ್ಟಗಳು ಕಲಿಸಿದ್ದು

ಇಂತಹ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದ ಜಾಗಗಳಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಕವೀಟಾ ಮುಖ್ಯವಾದದ್ದು. ದಕ್ಷಿಣ ಆಪಲೇಚಿಯನ್ ಬೆಟ್ಟಸಾಲಿನಲ್ಲಿ, ಅಲ್ಲಿನ ಅರಣ್ಯ ಇಲಾಖೆ 1934ರಲ್ಲಿ ಸ್ಥಾಪಿಸಿದ ಜಲವಿಜ್ಞಾನ ಪ್ರಯೋಗಾಲಯ ಅದು. ಜೋರುಮಳೆಯಲ್ಲಿ ಹೊಳೆ ಉಕ್ಕುವುದು ನೆಲಕ್ಕೆ ಇಂಗಲಾರದ ಮಳೆ ಮೇಲೆಯೇ ಹರಿದು ಬರುವುದರಿಂದ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. ರಾಬರ್ಟ್ ಹಾರ್ಟನ್ ಅವರು 1933ರಲ್ಲಿ ಅದಕ್ಕೆ ಗಟ್ಟಿ ರೂಪ ಕೊಟ್ಟಿದ್ದರು. ಆದರೆ ಕವೀಟಾದ ಕಾಡಿನ ಇಳಿಜಾರುಗಳಲ್ಲಿ ಮೇಲ್ಹರಿವು ಕಾಣುತ್ತಲೇ ಇರಲಿಲ್ಲ, ಹೊಳೆ ಮಾತ್ರ ಏರುತ್ತಿತ್ತು. ಮಳೆಯಿಲ್ಲದ ವಾರಗಳಲ್ಲೂ ಬತ್ತುತ್ತಿರಲಿಲ್ಲ.

ಜಾನ್ ಹ್ಯೂಲೆಟ್ ಮತ್ತು ಆಲ್ಡನ್ ಹಿಬರ್ಟ್ ಇದಕ್ಕೊಂದು ಸರಳ ಪ್ರಯೋಗ ಹೂಡಿದರು. ಇಳಿಜಾರಿನಲ್ಲಿ ಉದ್ದನೆಯ ಕಾಂಕ್ರೀಟ್ ತೊಟ್ಟಿ ಕಟ್ಟಿ ಮಣ್ಣು ತುಂಬಿದರು, ಪೂರ್ತಿ ನೆನೆಸಿದರು, ಆವಿಯಾಗದಂತೆ ಮುಚ್ಚಿದರು, ಕೆಳತುದಿಯಲ್ಲಿ ಇಳಿಯುವ ನೀರನ್ನು ಅಳೆಯುತ್ತ ಹೋದರು. ನೀರು ತಿಂಗಳುಗಟ್ಟಲೆ ಇಳಿಯಿತು. ಮಣ್ಣಿನ ಬಹುಭಾಗ ತುಂಬಿ ತುಳುಕದ ಸ್ಥಿತಿಗೆ ಬಂದ ಮೇಲೂ ಇಳಿಯುತ್ತಲೇ ಇತ್ತು. 1963ರಲ್ಲಿ ಪ್ರಕಟವಾದ ಈ ಫಲಿತಾಂಶ ಬೆಟ್ಟದ ಹೊಳೆಯನ್ನು ಬೇಸಿಗೆಯಲ್ಲಿ ಜೀವಂತವಾಗಿಡುವುದು ಇಳಿಜಾರಿನ ಮಣ್ಣು ಎಂದು ತೋರಿಸಿತು. 1967ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಳೆಗಾಲದಲ್ಲಿ ಹೊಳೆಯಂಚಿನ ನೆನೆದ ಪಟ್ಟಿ ಅಗಲವಾಗುತ್ತ ಇಳಿಜಾರನ್ನು ಏರುತ್ತದೆ, ಮಳೆ ನಿಂತಾಗ ಕುಗ್ಗುತ್ತದೆ. ಹೊಳೆಗೆ ಕೂಡಲೇ ನೀರು ಕೊಡುವುದು ಈ ಹಿಗ್ಗಿ ಕುಗ್ಗುವ ಜಾಗ ಎಂದು ವಾದಿಸಿದರು. ಮಣ್ಣಿನ ತೇವವನ್ನು ತಿಳಿಯದೆ ಪ್ರವಾಹವನ್ನು ತಿಳಿಯಲಾಗದು ಎಂಬುದಕ್ಕೆ ಇದು ಬುನಾದಿ.

ಎರಡನೆಯದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಬಳಿಯ ಪನೋಲಾ ಬೆಟ್ಟ. ಅಲ್ಲಿ ಇಳಿಜಾರಿನ ಬುಡದಲ್ಲಿ ತಳಕಲ್ಲಿನವರೆಗೆ 20 ಮೀಟರ್ ಉದ್ದದ ಕಂದಕ ತೋಡಿ ಒಳಹರಿವನ್ನು ಹಿಡಿದರು. 147 ಮಳೆಗಳ ದಾಖಲೆಯನ್ನು ಇಲ್ಯಾ ಟ್ರಾಂಪ್ ವಾನ್ ಮೇರ್ವೆಲ್ಡ್ ಮತ್ತು ಜೆಫ್ರಿ ಮೆಕ್‌ಡಾನೆಲ್ 2006ರಲ್ಲಿ ವಿಶ್ಲೇಷಿಸಿದರು. ಸುಮಾರು 55 ಮಿಲಿಮೀಟರ್‌ಗಿಂತ ಕಡಿಮೆ ಮಳೆಗೆ ಒಳಹರಿವು ಹೆಚ್ಚುಕಡಿಮೆ ಇರಲೇ ಇಲ್ಲ. ಆ ಗೆರೆ ದಾಟಿದೊಡನೆ ಹತ್ತಾರು ಪಟ್ಟು ಹೆಚ್ಚಾಯಿತು. ಮಣ್ಣಿನಡಿ ತಳಕಲ್ಲಿನಲ್ಲಿ ತಗ್ಗುಗಳಿವೆ. ಅವು ಒಂದೊಂದಾಗಿ ತುಂಬಿ ತುಳುಕಿ, ಒಂದಕ್ಕೊಂದು ಸೇರಿಕೊಂಡಾಗ ಇಡೀ ಇಳಿಜಾರು ಒಮ್ಮೆಗೇ ನೀರು ಬಿಡುತ್ತದೆ. 55 ಎಂಬ ಅಂಕಿ ಪನೋಲಾದ್ದು, ನಮ್ಮದಲ್ಲ. ನಮ್ಮ ಗುಡ್ಡಗಳಿಗೂ ಇಂತಹ ಗೆರೆಗಳಿರಬಹುದು. ಅವು ಎಲ್ಲಿವೆ ಎಂದು ತಿಳಿಯಲು ನೂರಾರು ಮಳೆಗಳನ್ನು ತಾಳ್ಮೆಯಿಂದ ದಾಖಲಿಸುವುದೊಂದೇ ದಾರಿ.

ಮೂರನೆಯದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ತಪ್ಪಲಿನ ರೀಟ್‌ಹೋಲ್ಟ್ಸ್‌ಬಾಖ್ ಎಂಬ ಸಣ್ಣ ಕಣಿವೆ, ವಿಸ್ತಾರ 3.3 ಚದರ ಕಿಲೋಮೀಟರ್. ಜ್ಯೂರಿಕ್‌ನ ಇ.ಟಿ.ಎಚ್. ವಿಶ್ವವಿದ್ಯಾಲಯ 1976ರಿಂದ ಅಲ್ಲಿ ಎರಡೂವರೆ ಮೀಟರ್ ಆಳದ ಮಣ್ಣಿನ ಸ್ತಂಭವೊಂದನ್ನು ತಕ್ಕಡಿಯ ಮೇಲಿಟ್ಟು ತೂಗುತ್ತ ಬಂದಿದೆ. ಮಳೆ ಬಂದರೆ ತೂಕ ಏರುತ್ತದೆ, ಆವಿಯಾದರೆ ಇಳಿಯುತ್ತದೆ. 2003ರ ಬೇಸಿಗೆಯಲ್ಲಿ ಯುರೋಪನ್ನು ಭೀಕರ ಬಿಸಿಯೂ ಬರವೂ ಕಾಡಿದಾಗ ಈ ದಾಖಲೆ ಒಂದು ಮುಖ್ಯ ವಿಷಯ ತಿಳಿಸಿತು. ಮಣ್ಣು ಅಷ್ಟು ಒಣಗಲು ಮಳೆಯ ಕೊರತೆಯ ಜೊತೆಗೆ ಎಂದಿಗಿಂತ ಹೆಚ್ಚು ನೀರು ಆವಿಯಾಗಿ ಹೋದದ್ದೂ ಕಾರಣ. ‘ಎಂದಿಗಿಂತ ಹೆಚ್ಚು’ ಎಂದು ಹೇಳಲು ಸಾಧ್ಯವಾದದ್ದು ಅದಕ್ಕೆ ಮೊದಲಿನ ಕಾಲು ಶತಮಾನದ ಸಾಮಾನ್ಯ ವರ್ಷಗಳನ್ನು ಬೇಸರವಿಲ್ಲದೆ ತೂಗಿ ಇಟ್ಟಿದ್ದರಿಂದ. ಬರ ಬಂದ ಮೇಲೆ ಯಂತ್ರ ಹೂಳಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ.

4. ನಮ್ಮ ನೆಲದ ದಾಖಲೆಗಳು

ನಮ್ಮಲ್ಲಿ ಏನೂ ಆಗಿಲ್ಲ ಎಂದರೆ ದುಡಿದವರಿಗೆ ಅನ್ಯಾಯ ಮಾಡಿದಂತೆ. ನೀಲಗಿರಿಯ ಗ್ಲೆನ್‌ಮಾರ್ಗನ್‌ನಲ್ಲಿ ಊಟಿಯ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಅಕ್ಕಪಕ್ಕದ ಎರಡು ಕಿರುಕಣಿವೆಗಳನ್ನು ಆರಿಸಿಕೊಂಡು, ಮೊದಲು ಕೆಲವು ವರ್ಷ ಎರಡನ್ನೂ ಇದ್ದಂತೆಯೇ ಅಳೆದರು. ನಂತರ 1972ರಲ್ಲಿ ಒಂದರ ಹುಲ್ಲುಗಾವಲಿನಲ್ಲಿ ನೀಲಗಿರಿ ಮರ ನೆಟ್ಟರು. ಮೊದಲ ಹತ್ತು ವರ್ಷದ ಸುತ್ತಿನಲ್ಲಿ ಹೊಳೆಯ ನೀರು ಸುಮಾರು ಶೇಕಡಾ 16ರಷ್ಟು ಇಳಿಯಿತು. ಕಡಿದ ಬುಡಗಳಿಂದ ಚಿಗುರಿದ ಎರಡನೆಯ ಸುತ್ತಿನಲ್ಲಿ ಇಳಿಕೆ ಸುಮಾರು ಶೇಕಡಾ 25ಕ್ಕೆ ಏರಿತು. ಹತ್ತು ವರ್ಷಕ್ಕೇ ನಿಲ್ಲಿಸಿದ್ದರೆ ನಮಗೆ ಸಿಗುತ್ತಿದ್ದ ಉತ್ತರ ಸುಳ್ಳಾಗುತ್ತಿರಲಿಲ್ಲ, ಆದರೆ ಅರ್ಧವಾಗುತ್ತಿತ್ತು. ಕವೀಟಾದಲ್ಲೂ ಎಲೆ ಉದುರುವ ಮರಗಳ ಜಾಗದಲ್ಲಿ ಪೈನ್ ನೆಟ್ಟಾಗ 15 ವರ್ಷಗಳ ನಂತರ ಹೊಳೆಯ ನೀರು ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗಿತ್ತು. ಬೆಟ್ಟದ ಮೇಲಿನ ಹೊದಿಕೆ ಬದಲಾದರೆ ಮಣ್ಣಿನ ನೀರಿನ ಖರ್ಚು ನಿಧಾನವಾಗಿ, ಹಲವು ವರ್ಷಗಳ ಮೇಲೆ ಬದಲಾಗುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಉತ್ತರ ಕನ್ನಡದಲ್ಲಿ ಮೈಕ್ ಬೊನೆಲ್, ಬಿ.ಕೆ. ಪುರಂದರ, ಬಿ. ವೆಂಕಟೇಶ್, ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಹೆಚ್ಚು ಕೆಡದ ಕಾಡು, ಸವೆದ ಕಾಡು, ಅಕೇಶಿಯಾ ನೆಡುತೋಪು ಇವುಗಳಲ್ಲಿ ಮಣ್ಣು ನೀರನ್ನು ಒಳಬಿಡುವ ಶಕ್ತಿಯನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ದಶಕಗಳ ಕಾಲ ಸೊಪ್ಪು, ಸೌದೆ, ಮೇವಿಗೆ ಬಳಸಿ ಸವೆದ ಜಾಗದಲ್ಲಿ ಮೇಲ್ಮಣ್ಣಿನ ಈ ಶಕ್ತಿ ಬಹಳ ಕುಗ್ಗಿತ್ತು. ಅಕೇಶಿಯಾ ನೆಟ್ಟು ಹಸಿರು ಮರಳಿದ ಕಡೆಯೂ ಅದು ಪೂರ್ತಿ ಮರಳಿರಲಿಲ್ಲ. ದೂರದಿಂದ ಹಸಿರು ಕಂಡ ಬೆಟ್ಟದ ಒಳಗೆ ನೀರು ಇಳಿಯುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ ಎಂದು ಇದು ಕಲಿಸುತ್ತದೆ. ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ವೆಂಕಟೇಶ್ ಮತ್ತು ಸಹೋದ್ಯೋಗಿಗಳು ಘಟ್ಟದ ಬೇರೆ ಬೇರೆ ಹೊದಿಕೆಗಳ ಕೆಳಗೆ ಮಣ್ಣಿನ ತೇವ ಹೇಗೆ ಏರಿಳಿಯುತ್ತದೆ ಎಂಬ ಅಧ್ಯಯನವನ್ನು 2011ರಲ್ಲಿ ಹೊರತಂದರು.

ಮತ್ತೊಂದು ಹೆಮ್ಮೆಯ ಹೆಸರು ಮೂಲೆಹೊಳೆ. ಬಂಡೀಪುರದ ಕಾಡಿನೊಳಗೆ, ಕಬಿನಿ ಜಲಾನಯನದಲ್ಲಿ, 4.1 ಚದರ ಕಿಲೋಮೀಟರ್‌ನ ಈ ಕಣಿವೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು 2003ರಿಂದ ಅಳೆಯುತ್ತ ಬಂದಿದ್ದಾರೆ. ಇಲ್ಲಿನ ನೆಲ ಕೊಡಗಿನಷ್ಟು ಕಡಿದಲ್ಲ, ಮಳೆಯೂ ಘಟ್ಟದ ನೆತ್ತಿಯಷ್ಟಿಲ್ಲ. ಆದರೆ ಈ ದಾಖಲೆಯಿಂದ ಲೋರಾಂ ರುಯೀಜ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ ಸಂಗತಿ ಎಲ್ಲ ಬೆಟ್ಟದವರಿಗೂ ಬೇಕಾದದ್ದು. ಕಾಡಿನ ಮರಗಳು ಮೇಲ್ಮಣ್ಣಿನ ಕೆಳಗಿರುವ ಶಿಥಿಲ ಶಿಲೆಯ ಪದರದಿಂದಲೂ ನೀರು ಎಳೆಯುತ್ತವೆ. ಮುಂದಿನ ಮಳೆ ಮೊದಲು ಆ ಒಣಗಿದ ಪದರವನ್ನು ತುಂಬಬೇಕು, ಆನಂತರವೇ ಅಂತರ್ಜಲಕ್ಕೆ ಪಾಲು. ಹಾಗಾಗಿ ಒಂದು ವರ್ಷದ ಮಳೆಗೂ ಆ ವರ್ಷದ ಅಂತರ್ಜಲಕ್ಕೂ ನೇರ ಸಂಬಂಧ ಹುಡುಕಿದರೆ ಸಿಗುವುದಿಲ್ಲ. ಹಿಂದಿನ ವರ್ಷಗಳ ಬಾಕಿ ನಡುವೆ ಬರುತ್ತದೆ. ಇದನ್ನು ಕಾಣಲು ಹಲವು ವರ್ಷಗಳು ಬೇಕು.

5. ಅಳೆಯುವ ಕಸುಬು

ಮಣ್ಣಿನ ತೇವ ಅಳೆಯುವ ಅತ್ಯಂತ ಹಳೆಯ ವಿಧಾನ ಇಂದಿಗೂ ಅತ್ಯಂತ ನಂಬಿಕೆಯದು. ಮಣ್ಣಿನ ಮಾದರಿ ತೆಗೆದು ತೂಗಬೇಕು, ಒಲೆಯಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. ತೂಕದ ವ್ಯತ್ಯಾಸವೇ ನೀರು. ಮಣ್ಣಿನ ಪ್ರಯೋಗಾಲಯವಿರುವ ಯಾವ ಕಾಲೇಜಿನಲ್ಲೂ ಇದು ಸಾಧ್ಯ. ಇದರ ತೊಂದರೆಯೆಂದರೆ ಮಾದರಿ ತೆಗೆದ ಜಾಗದಲ್ಲಿ ಮತ್ತೆ ತೆಗೆಯಲಾಗದು, ರಾತ್ರಿಯ ಜಡಿಮಳೆಯಲ್ಲಿ ಗಂಟೆಗೊಮ್ಮೆ ತೆಗೆಯಲೂ ಆಗದು.

ಹೂತಿಟ್ಟ ಸೆನ್ಸರ್‌ಗಳು ಈ ಕೊರತೆ ತುಂಬುತ್ತವೆ. ವಿದ್ಯುತ್ ಕ್ಷೇತ್ರಕ್ಕೆ ನೀರು, ಖನಿಜ ಮತ್ತು ಗಾಳಿ ಬೇರೆ ಬೇರೆಯಾಗಿ ಸ್ಪಂದಿಸುತ್ತವೆ. ಗಾಳಿಯ ಅಂಕಿ 1, ಮಣ್ಣಿನ ಖನಿಜಗಳದು 3ರಿಂದ 5, ನೀರಿನದು ಸುಮಾರು 80. ಈ ಭಾರೀ ಅಂತರದಿಂದ ತೇವವನ್ನು ಲೆಕ್ಕ ಹಾಕುವ ಸೂತ್ರವನ್ನು ಕೆನಡಾದ ಟಾಪ್, ಡೇವಿಸ್ ಮತ್ತು ಅನಾನ್ 1980ರಲ್ಲಿ ಕೊಟ್ಟರು. ಮಣ್ಣು ನೀರನ್ನು ಎಷ್ಟು ಬಲವಾಗಿ ಹಿಡಿದಿದೆ ಎಂದು ಅಳೆಯಲು ಟೆನ್ಸಿಯೋಮೀಟರ್, ಒಳಗಿನ ಒತ್ತಡ ಅಳೆಯಲು ಪೀಜೋಮೀಟರ್ ಇವೆ. 2008ರಿಂದೀಚೆಗೆ ಬ್ರಹ್ಮಾಂಡ ಕಿರಣಗಳಿಂದ ಹುಟ್ಟುವ ನ್ಯೂಟ್ರಾನ್‌ಗಳನ್ನು ಎಣಿಸಿ ಸುತ್ತಲಿನ ನೂರಾರು ಮೀಟರ್ ವ್ಯಾಪ್ತಿಯ ಸರಾಸರಿ ತೇವ ತಿಳಿಯುವ ವಿಧಾನವೂ ಬಂದಿದೆ.

ಯಂತ್ರ ಕೊಳ್ಳುವುದು ಈ ಕೆಲಸದ ಸಣ್ಣ ಭಾಗ. ಮಲೆನಾಡಿನ ಕಲ್ಲುಮಣ್ಣಿನಲ್ಲಿ ಸೆನ್ಸರಿನ ಕಡ್ಡಿಯ ಪಕ್ಕ ಕೂದಲೆಳೆಯಷ್ಟು ಸಂದು ಉಳಿದರೂ ಮಳೆ ಅದರೊಳಗೆ ಇಳಿದು ಸುಳ್ಳು ಅಂಕಿ ಬರುತ್ತದೆ. ತಯಾರಕರು ಕೊಟ್ಟ ಸೂತ್ರ ಕೆಂಪು ಜೇಡಿಗೂ ಎಲೆಗೊಬ್ಬರ ತುಂಬಿದ ಕಾಡಿನ ಮಣ್ಣಿಗೂ ಒಂದೇ ರೀತಿ ಹೊಂದುವುದಿಲ್ಲ. ಆಯಾ ಜಾಗದ ಮಣ್ಣನ್ನು ಒಣಗಿಸಿ ತೂಗಿ ಸರಿಪಡಿಸಬೇಕು. ಮುಳ್ಳುಹಂದಿ ವೈರು ಕಡಿಯುತ್ತದೆ, ಕಾಡುಹಂದಿ ಮಣ್ಣು ಅಗೆಯುತ್ತದೆ, ಸಿಡಿಲು ಹೊಡೆಯುತ್ತದೆ, ಜುಲೈ ತಿಂಗಳ ಮೋಡದಲ್ಲಿ ಸೋಲಾರ್ ಬ್ಯಾಟರಿ ಸೋಲುತ್ತದೆ. ಮಳೆ ಹೆಚ್ಚಾದಾಗಲೇ, ಅಂದರೆ ದಾಖಲೆ ಅತಿ ಅಗತ್ಯವಾದಾಗಲೇ, ಯಂತ್ರ ನಿಲ್ಲುವ ಸಂಭವ ಹೆಚ್ಚು. ಹತ್ತಿರದಲ್ಲೇ ಇದ್ದು ವಾರಕ್ಕೊಮ್ಮೆ ಹೋಗಿ ನೋಡುವ ಮನುಷ್ಯ ಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಯಂತ್ರ ಬದಲಿಸುವ ಹೊತ್ತು. ಮೂವತ್ತು ವರ್ಷದಲ್ಲಿ ಸೆನ್ಸರ್‌ಗಳನ್ನು ಹಲವು ಬಾರಿ ಬದಲಿಸಲೇಬೇಕು. ಹಳೆಯದನ್ನು ಕಿತ್ತು ಹೊಸದನ್ನು ಹೂತ ದಿನ ಅಂಕಿ ಜಿಗಿದರೆ, ಬೆಟ್ಟ ಒಣಗಿತೋ ಯಂತ್ರ ಬದಲಾಯಿತೋ ಎಂದು ಆಮೇಲೆ ಯಾರೂ ಹೇಳಲಾರರು. ಹಳೆಯದೂ ಹೊಸದೂ ಒಂದು ಪೂರ್ತಿ ಮಳೆಗಾಲ ಮತ್ತು ಒಂದು ಪೂರ್ತಿ ಬೇಸಿಗೆ ಜೊತೆಯಾಗಿ ಓಡಬೇಕು. ಯಾವ ದಿನ ಏನು ಬದಲಾಯಿತು, ಯಾವ ಮರ ಬಿತ್ತು, ಯಾವ ತೋಟದಲ್ಲಿ ನೆರಳು ಕಡಿದರು ಎಂದು ಬರೆದಿಡಬೇಕು. ಅಂಕಿಗಳಷ್ಟೇ ಬೆಲೆ ಆ ಟಿಪ್ಪಣಿ ಪುಸ್ತಕಕ್ಕೂ ಇದೆ.

6. ಉಪಗ್ರಹ, ಮುನ್ನೆಚ್ಚರಿಕೆ ಮತ್ತು ನೆಲ

ಉಪಗ್ರಹಗಳಿರುವಾಗ ಗುಡ್ಡ ಹತ್ತುವುದೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಯುರೋಪಿನ ಎಸ್‌ಎಂಒಎಸ್ 2009ರಲ್ಲಿ, ನಾಸಾದ ಎಸ್‌ಎಂಎಪಿ 2015ರಲ್ಲಿ ಈ ಕೆಲಸಕ್ಕೆಂದೇ ಹಾರಿದವು. ಇಸ್ರೊ ಮತ್ತು ನಾಸಾ ಜೊತೆಗೂಡಿ ನಿರ್ಮಿಸಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಏರಿತು. ಇವು ಅಮೂಲ್ಯ ಸಾಧನಗಳು. ಆದರೆ ಎಸ್‌ಎಂಒಎಸ್, ಎಸ್‌ಎಂಎಪಿಗಳು ನೇರವಾಗಿ ಕಾಣುವುದು ಮೇಲಿನ ಸುಮಾರು ಐದು ಸೆಂಟಿಮೀಟರ್ ಮಣ್ಣನ್ನು, ಅದೂ ಹತ್ತಾರು ಕಿಲೋಮೀಟರ್ ಅಗಲದ ಸರಾಸರಿಯಾಗಿ. ಕಡಿದಾದ ಇಳಿಜಾರು ಮತ್ತು ದಟ್ಟ ಕಾಡು ಎಂತಹ ರಾಡಾರಿಗೂ ಕಷ್ಟದ ನೆಲ. ಬರೆ ಜಾರುವ ಪದರ ಮೀಟರುಗಳ ಆಳದಲ್ಲಿದೆ. ಮೇಲಿನಿಂದ ಕಂಡದ್ದನ್ನು ಕೆಳಗಿನ ಸತ್ಯಕ್ಕೆ ಹೊಂದಿಸಲು ನೆಲದಲ್ಲಿ ಹೂತ ಅಳತೆ ಬೇಕೇ ಬೇಕು. ಮೂಲೆಹೊಳೆಯ ನೆರೆಯ ಬೇರಂಬಾಡಿಯ ಹೊಲಗಳಲ್ಲಿ ನಮ್ಮ ವಿಜ್ಞಾನಿಗಳು ಉಪಗ್ರಹಗಳಿಗಾಗಿ ಮಾಡಿದ್ದು ಇದನ್ನೇ. ಮಣ್ಣಿನ ತೇವವನ್ನು 2010ರಲ್ಲಿ ಜಾಗತಿಕ ಹವಾಮಾನ ವೀಕ್ಷಣಾ ವ್ಯವಸ್ಥೆಯು ಅತ್ಯಗತ್ಯ ಹವಾಮಾನ ಅಂಶಗಳ ಪಟ್ಟಿಗೆ ಸೇರಿಸಿತು. ಜಗತ್ತಿನ ನೆಲದ ಅಳತೆಗಳನ್ನು ಒಂದೆಡೆ ತರುವ ಅಂತರರಾಷ್ಟ್ರೀಯ ಮಣ್ಣಿನ ತೇವಾಂಶ ಜಾಲ ಅದರ ಹಿಂದಿನ ವರ್ಷವೇ ಆರಂಭವಾಗಿತ್ತು.

ಮುನ್ನೆಚ್ಚರಿಕೆಯ ವಿಷಯವೂ ಹೀಗೆಯೇ. ಇಷ್ಟು ಹೊತ್ತಿನಲ್ಲಿ ಇಷ್ಟು ಮಳೆ ಬಿದ್ದರೆ ಕುಸಿತದ ಭಯವಿದೆ ಎಂಬ ಗೆರೆಯನ್ನು ನೆಲ್ ಕೇನ್ 1980ರಲ್ಲಿ ಎಳೆದು ತೋರಿಸಿದರು. ಮಳೆಯೊಂದನ್ನೇ ನೋಡುವ ಈ ವಿಧಾನ ಉಪಯುಕ್ತ, ಆದರೆ ಒಣ ಮಣ್ಣಿನ ಮೇಲೆ ಬಿದ್ದ ಜೋರುಮಳೆಗೂ ಎಚ್ಚರಿಕೆ ಕೊಡುತ್ತದೆ. ಎರಡು ಬಾರಿ ಸುಳ್ಳಾದ ಎಚ್ಚರಿಕೆಗೆ ಮೂರನೆಯ ಬಾರಿ ಜನ ಮನೆ ಬಿಡುವುದಿಲ್ಲ. ನಾರ್ವೆಯ ರಾಷ್ಟ್ರೀಯ ಭೂಕುಸಿತ ಎಚ್ಚರಿಕೆ ವ್ಯವಸ್ಥೆ 2013ರಿಂದ ಮಳೆ ಮತ್ತು ಹಿಮಕರಗುವಿಕೆಯ ಜೊತೆಗೆ ಮಣ್ಣು ಎಷ್ಟು ತುಂಬಿದೆ ಎಂಬ ಲೆಕ್ಕವನ್ನೂ ಸೇರಿಸಿ ನಡೆಯುತ್ತಿದೆ. ಮುನ್ನಾರ್‌ನಲ್ಲಿ ಅಮೃತ ವಿಶ್ವವಿದ್ಯಾಪೀಠದವರು ಇಳಿಜಾರಿನೊಳಗೆ ಸೆನ್ಸರ್ ಹೂತು ಒಂದು ದಶಕಕ್ಕೂ ಮೀರಿ ದುಡಿದಿದ್ದಾರೆ. ಸ್ವಿಟ್ಜರ್ಲೆಂಡಿನ ಅಧ್ಯಯನವೊಂದು ನೆಲದ ತೇವದ ಅಳತೆಯಿಂದ ಎಚ್ಚರಿಕೆ ಸುಧಾರಿಸುತ್ತದೆ ಎಂದೂ ಅಳೆಯುವ ಜಾಗದಿಂದ ದೂರ ಹೋದಂತೆ ಆ ಪ್ರಯೋಜನ ಕಡಿಮೆಯಾಗುತ್ತದೆ ಎಂದೂ 2020ರಲ್ಲಿ ತೋರಿಸಿತು. ಅಂದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಳೆದು ಮಡಿಕೇರಿಗೆ ಹೇಳಲಾಗದು. ಮಡಿಕೇರಿಯ ಮಣ್ಣನ್ನು ಮಡಿಕೇರಿಯಲ್ಲೇ ಅಳೆಯಬೇಕು.

7. ಮಾಡಬೇಕಾದದ್ದು

ನನ್ನ ಸಲಹೆ ಸರಳ. ಕರ್ನಾಟಕದ ಸಹ್ಯಾದ್ರಿಯಲ್ಲಿ ಕೊಡಗು, ಚಾರ್ಮಾಡಿ, ಆಗುಂಬೆ, ಶರಾವತಿ ಕಣಿವೆ, ಶಿರಸಿ ಹೀಗೆ ಕೆಲವು ಕಡೆ ಅಳತೆಯ ಇಳಿಜಾರುಗಳನ್ನು ಗುರುತಿಸೋಣ. ಪ್ರತಿ ಕಡೆ ಕಾಡು, ಕಾಫಿ ಅಥವಾ ಅಡಿಕೆ ತೋಟ, ಸೊಪ್ಪಿನಬೆಟ್ಟ, ಅಕೇಶಿಯಾ, ಹುಲ್ಲುಗಾವಲು ಇವುಗಳಲ್ಲಿ ಆ ಊರಿಗೆ ಹೊಂದುವ ಎರಡು ಮೂರು ಹೊದಿಕೆಗಳಿರಲಿ. ಪ್ರತಿ ಇಳಿಜಾರಿನ ನೆತ್ತಿ, ನಡು, ಬುಡಗಳಲ್ಲಿ ಮೇಲ್ಮಣ್ಣಿನಿಂದ ಒಂದೂವರೆ ಮೀಟರಿನವರೆಗೆ ಹಲವು ಆಳಗಳಲ್ಲಿ ಅಳೆಯೋಣ. ಪಕ್ಕದಲ್ಲಿ ಮಳೆಮಾಪಕ, ಬುಡದ ತೋಡಿಗೆ ಒಂದು ಹರಿವಿನ ಕಟ್ಟೆ ಇರಲಿ. ವಾರಕ್ಕೊಮ್ಮೆ ಮಾದರಿ ತೆಗೆದು ಒಣಗಿಸಿ ತೂಗುವ ಕೆಲಸ ಹತ್ತಿರದ ಕಾಲೇಜಿನದಾಗಲಿ. ಅಂಕಿಗಳು ಬೀರುವಿನಲ್ಲಿ ಉಳಿಯದೆ ಬೆಳೆಗಾರರಿಗೂ ಪಂಚಾಯಿತಿಗೂ ಸಂಶೋಧಕರಿಗೂ ತೆರೆದಿರಲಿ.

ಇದಕ್ಕೆ ಹಣ ಎಲ್ಲಿಂದ? ಸಂಶೋಧನಾ ಯೋಜನೆಗಳು ಮೂರು ಅಥವಾ ಐದು ವರ್ಷಕ್ಕೆ ಮುಗಿಯುತ್ತವೆ. ಯೋಜನೆ ಮುಗಿದ ಮರುದಿನ ಸೆನ್ಸರ್ ಬ್ಯಾಟರಿ ಬದಲಿಸುವವರಿರುವುದಿಲ್ಲ. ಬೆಟ್ಟದ ಕಾಲಮಾನಕ್ಕೆ ಒಗ್ಗುವ ಹಣಕಾಸಿನ ರೂಪ ನಮ್ಮ ಸಮಾಜಕ್ಕೆ ಗೊತ್ತೇ ಇದೆ. ಮೂಲಧನ ಮುಟ್ಟದೆ ಬಡ್ಡಿಯಿಂದ ವರ್ಷ ವರ್ಷವೂ ನಡೆಯುವ ದತ್ತಿಗಳನ್ನು ನಾವು ದೇವಸ್ಥಾನದ ದೀಪಕ್ಕೆ, ವಿದ್ಯಾರ್ಥಿವೇತನಕ್ಕೆ, ಇಂತಹ ಉಪನ್ಯಾಸಗಳಿಗೆ ಇಟ್ಟಿದ್ದೇವೆ. ಒಂದು ಇಳಿಜಾರಿಗೂ ದತ್ತಿ ಇಡಬಹುದು. ಸೆನ್ಸರ್‌ಗಳನ್ನು ಸರ್ಕಾರವೋ ಸಂಶೋಧನಾ ಸಂಸ್ಥೆಯೋ ಕೊಡಲಿ. ಅವನ್ನು ನೋಡಿಕೊಳ್ಳುವ ಊರಿನ ಒಬ್ಬ ಯುವಕ ಅಥವಾ ಯುವತಿಯ ಸಂಬಳ, ಒಲೆಯ ವಿದ್ಯುತ್ತು, ಟಿಪ್ಪಣಿ ಪುಸ್ತಕದ ಖರ್ಚು ಎಂದಿಗೂ ನಿಲ್ಲದಂತೆ ದತ್ತಿ ನೋಡಿಕೊಳ್ಳಲಿ. ತೋಟದ ಮಳೆಯನ್ನು ತಲೆಮಾರುಗಳಿಂದ ಬರೆದಿಟ್ಟ ಮನೆಗಳು ಮಣ್ಣಿನ ಲೆಕ್ಕಕ್ಕೂ ಅದೇ ನಿಷ್ಠೆ ತೋರುತ್ತವೆ ಎಂಬುದರಲ್ಲಿ ನನಗೆ ಪೂರ್ಣ ನಂಬಿಕೆಯಿದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಕಳೆದುಹೋದ ಮಳೆಗಾಲದ ಮಣ್ಣನ್ನು ಯಾವ ಯಂತ್ರವೂ ಹಿಂದಿರುಗಿ ಅಳೆಯಲಾರದು. 2018ರ ಆಗಸ್ಟ್ ಎರಡನೆಯ ವಾರದಲ್ಲಿ ಮಕ್ಕಂದೂರಿನ ಬೆಟ್ಟಗಳು ಎಷ್ಟು ತುಂಬಿದ್ದವು ಎಂದು ಮೀಟರಿನ ಆಳದ ಅಳತೆಯಿಂದ ತಿಳಿಯುವ ಅವಕಾಶ ಮುಗಿದುಹೋಗಿದೆ. 2050ರ ಒಂದು ಮಳೆರಾತ್ರಿ, ಯಾವುದೋ ಊರನ್ನು ಖಾಲಿ ಮಾಡಿಸಬೇಕೇ ಬೇಡವೇ ಎಂದು ಜಿಲ್ಲಾಡಳಿತ ತೀರ್ಮಾನಿಸಬೇಕಾಗುತ್ತದೆ. ಆಗ ಅವರ ಮುಂದೆ ಇರಬೇಕಾದ ಕಾಲು ಶತಮಾನದ ದಾಖಲೆಯನ್ನು ಆ ದಿನ ಎಷ್ಟು ಹಣ ಕೊಟ್ಟರೂ ಕೊಳ್ಳಲಾಗದು. ಅದು ಈಗಲೇ ಶುರುವಾಗಬೇಕು. ಮುಂದಿನ ಮೃಗಶಿರ ಮಳೆಗೆ ಮೊದಲು ನಿಮ್ಮ ಕಾಲೇಜಿನ ಹತ್ತಿರದ ಒಂದು ಗುಡ್ಡ ಆರಿಸಿ, ನೆತ್ತಿ, ನಡು, ಬುಡದಿಂದ ಮೊದಲ ಮಾದರಿ ತೆಗೆದು, ತೂಗಿ, ದಿನಾಂಕ ಹಾಕಿ ಬರೆಯಿರಿ. ಮುಂದಿನ ವಾರ ಮತ್ತೆ ಹೋಗಿ. ನಿಮ್ಮ ನಂತರದ ತರಗತಿಯವರಿಗೆ ಆ ಪುಸ್ತಕವನ್ನು ಒಪ್ಪಿಸಿ.